ವಿಯೆನ್ನಾದ ಸಮಾಧಿಗಳನ್ನು ನೋಡಹೊರಟವರಿಗೆ

ವಿಯೆನ್ನಾಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಶೋನ್‌ಬ್ರುನ್ ಅರಮನೆಯನ್ನೂ ಸೇಂಟ್ ಸ್ಟೀಫನ್ ಕೆಥೆಡ್ರಲನ್ನೂ ನೋಡಿ, ಸಾಧ್ಯವಾದರೆ ಒಂದು ಕಚೇರಿ ಕೇಳಿ ಮುಂದಿನ ಊರಿಗೆ ಹೊರಡುತ್ತಾರೆ. ಸಂಗೀತವನ್ನು ಪ್ರೀತಿಸುವವರು ಇನ್ನೆರಡು ದಿನಗಳನ್ನು ಅಲ್ಲಿಯ ಸಮಾಧಿಗಳಿಗೆಂದೇ ತೆಗೆದಿಡಬೇಕೆಂಬುದು ನನ್ನ ಸಲಹೆ. ಹೊರಡುವ ಮುನ್ನ ಒಂದು ಸಂಗತಿ ತಿಳಿದಿರಲಿ: ಈ ಊರಿನಲ್ಲಿ ಸ್ಮಾರಕವಿರುವಲ್ಲೆಲ್ಲ ದೇಹವಿದೆಯೆಂದು ಭಾವಿಸುವಂತಿಲ್ಲ. ಯಾರನ್ನು ಮೊದಲು ಎಲ್ಲಿ ಹೂಳಿದರು, ಆಮೇಲೆ ಎಲ್ಲಿಗೆ ಸಾಗಿಸಿದರು ಎಂಬುದನ್ನು ಅರಿತು ನೋಡುತ್ತ ಹೋದರೆ ಸುತ್ತಾಟಕ್ಕೆ ಅರ್ಥ ಬರುತ್ತದೆ.

ಮೊದಲ ದಿನಕ್ಕೆ 71ನೇ ನಂಬರಿನ ಟ್ರಾಮ್ ಒಂದೇ ಸಾಕು. ನಡುನಡುವೆ ಇಳಿದು ಹತ್ತಬೇಕಾಗುವುದರಿಂದ ದಿನದ ಪಾಸ್ ತೆಗೆದುಕೊಳ್ಳುವುದು ಲೇಸು. ಶ್ವಾರ್ಟ್ಸನ್‌ಬರ್ಗ್ ಚೌಕದಲ್ಲಿ ಹತ್ತಿ, ಮೊದಲಿಗೆ ಸೇಂಟ್ ಮಾರ್ಕ್ಸ್ ಸ್ಮಶಾನದ ಸಮೀಪ ಇಳಿದು ಸ್ವಲ್ಪ ನಡೆಯಬೇಕು. 1791ರ ಡಿಸೆಂಬರಿನಲ್ಲಿ ತೀರಿಕೊಂಡ ಸಂಗೀತ ರಚನಕಾರ ಮೊಜಾರ್ಟನನ್ನು ಹೂಳಿದ್ದು ಇಲ್ಲಿ. ಚಕ್ರವರ್ತಿ ಎರಡನೆಯ ಜೋಸೆಫ್ ಜಾರಿಗೆ ತಂದಿದ್ದ ಸರಳ ಶವಸಂಸ್ಕಾರದ ಪದ್ಧತಿಯಂತೆ ಅವನ ಗುಂಡಿಯ ಮೇಲೆ ಗುರುತಿನ ಕಲ್ಲು ಉಳಿಯಲಿಲ್ಲ. ಹಾಗಾಗಿ ಖಚಿತವಾದ ಜಾಗ ಇಂದಿಗೂ ಗೊತ್ತಿಲ್ಲ. ಅಂದಾಜಿನ ಮೇಲೆ ನಿಲ್ಲಿಸಿರುವ ಮುರಿದ ಕಂಬ ಮತ್ತು ಅದಕ್ಕೊರಗಿ ದುಃಖಿಸುವ ಪುಟ್ಟ ದೇವದೂತನ ಮೂರ್ತಿಯಷ್ಟೇ ಅಲ್ಲಿವೆ. ಈ ಸ್ಮಶಾನವನ್ನು 1874ರಲ್ಲಿಯೇ ಮುಚ್ಚಿದ್ದಾರೆ. ಈಗಿದು ಮರಗಿಡಗಳು ತುಂಬಿದ ಉದ್ಯಾನ. ವಸಂತದಲ್ಲಿ ಹೋದವರಿಗೆ ಲೈಲ್ಯಾಕ್ ಹೂಗಳು ಅರಳಿ ನಿಂತಿರುವುದನ್ನು ನೋಡುವ ಭಾಗ್ಯವೂ ಇದೆ.

ಮತ್ತೆ ಅದೇ ಟ್ರಾಮ್ ಹಿಡಿದರೆ ಝೆಂಟ್ರಾಲ್‌ಫ್ರೀಡ್‌ಹೋಫ್, ಅಂದರೆ ನಗರದ ಕೇಂದ್ರ ಸ್ಮಶಾನ ಸಿಗುತ್ತದೆ. ಹೆಸರು ಕೇಂದ್ರವೆಂದಿದ್ದರೂ ಅದು ಇರುವುದು ಊರಿನ ಅಂಚಿನ ಸಿಮ್ಮರಿಂಗ್ ಪ್ರದೇಶದಲ್ಲಿ. ಮೊದಲನೆಯ ದ್ವಾರದ ನಿಲ್ದಾಣದಲ್ಲಿ ಆತುರಪಟ್ಟು ಇಳಿಯದೆ ಎರಡನೆಯ ದ್ವಾರದವರೆಗೆ ಹೋಗಬೇಕು. ಪ್ರವೇಶ ಉಚಿತ. ಸುಮಾರು 2.5 ಚದರ ಕಿಲೋಮೀಟರ್ ವಿಸ್ತಾರದ ಈ ಸ್ಮಶಾನದಲ್ಲಿ ಮೂವತ್ತು ಲಕ್ಷದಷ್ಟು ಜನರನ್ನು ಹೂಳಲಾಗಿದೆಯಾದ್ದರಿಂದ ನಕ್ಷೆಯಿಲ್ಲದೆ ಒಳಗೆ ಹೋಗಬೇಡಿ. ನಡೆಯಲಾಗದ ಹಿರಿಯರು ಜೊತೆಗಿದ್ದರೆ ಒಳಗೇ ಓಡಾಡುವ 106ನೇ ನಂಬರಿನ ಬಸ್ ನೆರವಾಗುತ್ತದೆ.

ಮುಖ್ಯ ದಾರಿಯಲ್ಲಿ ಸ್ವಲ್ಪ ದೂರ ನಡೆದರೆ ಎಡಗಡೆಗೆ 32ಎ ವಿಭಾಗ ಬರುತ್ತದೆ. ನಡುವೆ ಮೊಜಾರ್ಟನ ಸ್ಮಾರಕ; ಅದು ಸ್ಮಾರಕ ಮಾತ್ರ. ಅದರ ಹಿಂದೆ ಬೀಥೋವನ್ ಮತ್ತು ಶೂಬರ್ಟ್, ಪಕ್ಕದಲ್ಲಿ ಬ್ರಾಮ್ಸ್ ಮತ್ತು ಎರಡನೆಯ ಯೋಹಾನ್ ಸ್ಟ್ರಾಸ್; ಎಲ್ಲರೂ ಸಂಗೀತ ರಚನಕಾರರೇ. ಬೀಥೋವನನ ಬಿಳಿಯ ಕಲ್ಲಿನ ಮೇಲೆ ಬಂಗಾರದ ಬಣ್ಣದ ಲೈರ್ ವಾದ್ಯವಿದೆ. ಅದಕ್ಕೂ ಮೇಲೆ, ತನ್ನ ಬಾಲವನ್ನು ತಾನೇ ಕಚ್ಚಿಕೊಂಡ ಹಾವಿನ ಬಳೆಯೊಳಗೆ ಒಂದು ಚಿಟ್ಟೆ. ಕೆಳಗೆ ಹೆಸರೊಂದನ್ನು ಬಿಟ್ಟರೆ ಬೇರೇನೂ ಬರೆದಿಲ್ಲ. ಬೀಥೋವನ್ 1827ರಲ್ಲಿ ತೀರಿಕೊಂಡಾಗ ಶವಯಾತ್ರೆಯಲ್ಲಿ ಪಂಜು ಹಿಡಿದು ನಡೆದವರಲ್ಲಿ ಶೂಬರ್ಟ್ ಒಬ್ಬ. ಮರುವರ್ಷವೇ, ತನ್ನ 31ನೆಯ ವಯಸ್ಸಿನಲ್ಲಿ, ಅವನೂ ಹೋದ. ಇಬ್ಬರನ್ನೂ ಮೊದಲು ಹೂಳಿದ್ದು ವೇರಿಂಗ್ ಎಂಬಲ್ಲಿ. ಊರಾಚೆಯ ಹೊಸ ಸ್ಮಶಾನ ಜನರಿಗೆ ರುಚಿಸದಿದ್ದಾಗ, ಗಣ್ಯರ ಸಮಾಧಿಗಳಿದ್ದರೆ ಅದಕ್ಕೆ ಗೌರವ ಬಂದೀತೆಂದು ನಗರಾಡಳಿತ ಗೌರವ ಸಮಾಧಿಗಳ ವಿಭಾಗವನ್ನು ಏರ್ಪಡಿಸಿ, 1888ರಲ್ಲಿ ಇಬ್ಬರ ಅಸ್ಥಿಗಳನ್ನೂ ಇಲ್ಲಿಗೆ ತಂದಿತು. ಉದ್ದೇಶ ಏನೇ ಇರಲಿ, ಬೀಥೋವನನ ಬಳಿಯಲ್ಲಿ ಮಲಗಬೇಕೆಂದಿದ್ದ ಶೂಬರ್ಟನನ್ನು ಅವನಿಂದ ಅಗಲಿಸದೆ ತಂದರಲ್ಲ, ಅದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ.

ಇಷ್ಟಕ್ಕೇ ಹಿಂತಿರುಗುವವರೇ ಹೆಚ್ಚು. ವಿಜ್ಞಾನ ಓದಿದವರು ಭೌತವಿಜ್ಞಾನಿ ಬೋಲ್ಟ್ಸ್‌ಮನ್ನನ ಸಮಾಧಿಯನ್ನು ಹುಡುಕಿಕೊಂಡು 14ಸಿ ವಿಭಾಗಕ್ಕೆ ಅವಶ್ಯ ಹೋಗಬೇಕು. ಅವನ ಅಮೃತಶಿಲೆಯ ಪ್ರತಿಮೆಯ ಮೇಲ್ಗಡೆ ಎಂಟ್ರೊಪಿಯ, ಅಂದರೆ ವ್ಯವಸ್ಥೆಯೊಂದರ ಅಸ್ತವ್ಯಸ್ತತೆಯ ಅಳತೆಯ, ಸೂತ್ರವನ್ನು ಕೆತ್ತಿದ್ದಾರೆ. ಇಲ್ಲಿ ಈಗಲೂ ಪ್ರತಿದಿನವೆಂಬಂತೆ ಅಂತ್ಯಕ್ರಿಯೆಗಳು ನಡೆಯುತ್ತಿರುತ್ತವೆ. ಶವಯಾತ್ರೆ ಎದುರಾದರೆ ಬದಿಗೆ ಸರಿದು ನಿಲ್ಲಬೇಕು, ಕ್ಯಾಮೆರಾವನ್ನು ಒಳಗಿಡಬೇಕು. ನವೆಂಬರ್ 1ರ ಸರ್ವಸಂತರ ಹಬ್ಬದಂದು ಊರಿಗೆ ಊರೇ ದೀಪ ಹಚ್ಚಲು ಬರುವುದರಿಂದ ನಿಧಾನವಾಗಿ ನೋಡಬೇಕೆನ್ನುವವರು ಆ ದಿನವನ್ನು ಬಿಡುವುದು ಒಳ್ಳೆಯದು.

ಎರಡನೆಯ ದಿನ ಬೆಳಗ್ಗೆ ನಗರದ ನಡುವೆಯೇ ಇರುವ ಕಪುಚಿನ್ ಚರ್ಚಿನ ನೆಲಮಾಳಿಗೆಗೆ ಹೋಗಿ. ಆಸ್ಟ್ರಿಯವನ್ನು ಆಳಿದ ಹಾಬ್ಸ್‌ಬರ್ಗ್ ಮನೆತನದವರ ಶವಪೆಟ್ಟಿಗೆಗಳು ಅಲ್ಲಿವೆ. ಇದಕ್ಕೆ ಟಿಕೆಟ್ ಉಂಟು. ರಾಣಿ ಮರಿಯಾ ತೆರೇಸಾ ಮತ್ತು ಅವಳ ಗಂಡನ ಜೋಡಿ ಪೆಟ್ಟಿಗೆಯ ಮೇಲೆ ದಂಪತಿಗಳು ಆಗಷ್ಟೇ ಎಚ್ಚೆತ್ತು ಮುಖಾಮುಖಿಯಾದಂತೆ ಮೂರ್ತಿಗಳಿವೆ. ಅಷ್ಟು ವೈಭವದ ಪೆಟ್ಟಿಗೆಯ ಮುಂದೆಯೇ ಅವರ ಮಗ ಎರಡನೆಯ ಜೋಸೆಫನ ಬರಿಯ ತಾಮ್ರದ ಪೆಟ್ಟಿಗೆಯಿದೆ. ಪ್ರಜೆಗಳಿಗೆ ವಿಧಿಸಿದ ಸರಳತೆಯನ್ನು ತನಗೂ ಅನ್ವಯಿಸಿಕೊಂಡ ದೊರೆ ಅವನು; ಹಿಂದಿನ ದಿನ ಸೇಂಟ್ ಮಾರ್ಕ್ಸ್ ನೋಡಿ ಬಂದವರಿಗೆ ಇದು ಇನ್ನಷ್ಟು ಮನಮುಟ್ಟುತ್ತದೆ. ಈ ಮನೆತನದ ಹಲವರ ಹೃದಯಗಳು ಆಗಸ್ಟೀನಿಯನ್ ಚರ್ಚಿನಲ್ಲಿಯೂ ಒಳಾಂಗಗಳು ಸೇಂಟ್ ಸ್ಟೀಫನ್ನಿನ ನೆಲಮಾಳಿಗೆಯಲ್ಲಿಯೂ ಬೇರೆ ಬೇರೆಯಾಗಿ ಇವೆ.

ಮಧ್ಯಾಹ್ನ ವೇರಿಂಗ್‌ಗೆ ಹೋಗಬಹುದು. ಹಳೆಯ ಸ್ಮಶಾನ ಈಗ ಶೂಬರ್ಟ್ ಪಾರ್ಕ್ ಆಗಿದೆ. ಬೀಥೋವನ್ ಮತ್ತು ಶೂಬರ್ಟರ ಮೊದಲ ಸಮಾಧಿಗಳ ತಾಣವನ್ನು ಉಳಿಸಿಕೊಂಡಿದ್ದಾರೆ. ಸಮಯ ಉಳಿದರೆ 38ನೇ ನಂಬರಿನ ಟ್ರಾಮಿನಲ್ಲಿ ಗ್ರಿನ್ಸಿಂಗ್ ತಲುಪಿ, ಅಲ್ಲಿಯ ಸ್ಮಶಾನದಲ್ಲಿ ಸಂಗೀತ ರಚನಕಾರ ಮಾಹ್ಲರನ ಸಮಾಧಿಯನ್ನೂ ನೋಡಿ. ಟ್ರಾಮಿನಿಂದ ಇಳಿದ ಮೇಲೆ ಏರುದಾರಿಯಲ್ಲಿ ನಡೆಯಬೇಕು, ಚಳಿಗಾಲದಲ್ಲಿ ಬೇಗ ಬಾಗಿಲು ಹಾಕುತ್ತಾರೆ. ಆದ್ದರಿಂದ ಆ ತಿಂಗಳುಗಳಲ್ಲಿ ಹೋಗುವವರು ಗ್ರಿನ್ಸಿಂಗನ್ನು ಬೆಳಗ್ಗೆಯೇ ಮುಗಿಸಿ ನೆಲಮಾಳಿಗೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಕು.