ಹಳೇ ಡಿಶ್‌ಗೆ ಹೊಸ ಕೆಲಸ
ಟಿವಿ ಚಂದಾ ನಿಲ್ಲಿಸಿದ ತಕ್ಷಣ ಡಿಶ್ಶನ್ನೂ ಗುಜರಿಗೆ ಹಾಕುವವರನ್ನು ಕಂಡರೆ ಸಂಕಟ ಆಗುತ್ತೆ. ಕಂಪನಿಯ ಬೀಗ ಇರೋದು ಸೆಟ್‌ಟಾಪ್ ಬಾಕ್ಸಿನಲ್ಲಿ, ಡಿಶ್ಶಿಗೆ ಯಾರ ಹಂಗೂ ಇಲ್ಲ. ಸೊಟ್ಟಗಾಗಿರದಿದ್ದರೆ ಒಂದು ಫ್ರೀ-ಟು-ಏರ್ ರಿಸೀವರ್ (ಚಂದಾ ಇಲ್ಲದೆ ಉಚಿತ ಚಾನೆಲ್ ತೋರಿಸೋ ಪೆಟ್ಟಿಗೆ) ಜೋಡಿಸಿ, ಉಚಿತ ಚಾನೆಲ್‌ಗಳಿರೋ ಉಪಗ್ರಹದ ಕಡೆ ತಿರುಗಿಸಿದರಾಯ್ತು. ತಿರುಗಿಸೋದಕ್ಕೇ ತಾಳ್ಮೆ ಬೇಕು: ನಟ್ಟು ಸಡಿಲಿಸಿ, ಕೂದಲೆಳೆಯಷ್ಟು ಸರಿಸಿ, ಸ್ವಲ್ಪ ತಡೆದು, ಟಿವಿ ಪರದೆಯಲ್ಲಿ ಸಿಗ್ನಲ್ಲಿನ ‘ಕ್ವಾಲಿಟಿ’ ತೋರಿಸೋ ಪಟ್ಟಿ ನೋಡಬೇಕು. ‘ಸ್ಟ್ರೆಂತ್’ ಪಟ್ಟಿ ನಂಬಬೇಡಿ, ಖಾಲಿ ಆಕಾಶ ನೋಡ್ತಿದ್ದರೂ ಅದು ಏರಿರುತ್ತೆ. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಬರೋ ಕ್ಷೀಣ ಅಲೆಗಳನ್ನು ಬಾಗಿದ ತಗಡೊಂದು ಒಂದೇ ಬಿಂದುವಿಗೆ ಕೂಡಿಸಿಕೊಡುತ್ತೆ. ಇಂಥದ್ದನ್ನ ಎಸೆಯೋಕೆ ಮನಸ್ಸಾದರೂ ಹೇಗೆ ಬರುತ್ತೆ? ನಿಮ್ಮಲ್ಲೂ ಒಂದು ಸುಮ್ಮನೆ ಬಿದ್ದಿದ್ದರೆ, ಮೊದಲು ಎಲ್‌ಎನ್‌ಬಿಯ (ಡಿಶ್ಶಿನ ಮುಂದೆ ತೋಳಿನ ತುದಿಯಲ್ಲಿದ್ದು ಆ ಅಲೆಗಳನ್ನು ಹಿಡಿಯೋ ಭಾಗ) ಪ್ಲಾಸ್ಟಿಕ್ ಮುಚ್ಚಳ ಬಿರುಕು ಬಿಟ್ಟಿದೆಯಾ ನೋಡಿ. ಒಳಗೆ ನೀರು ಇಳಿದಿದ್ದರೆ ಎಲ್‌ಎನ್‌ಬಿ ಒಂದನ್ನೇ ಬದಲಾಯಿಸಿ.