ಜೊಳ್ಳು ತೆನೆ ಬಲಿಪೀಠಕ್ಕೆ ಯಾಕೆ?

"ದೇವರು ಮನಸ್ಸು ನೋಡ್ತಾನೆ, ರಾಗ ಅಲ್ಲ." ಚರ್ಚಿನ ಹಾಡಿನ ಅಭ್ಯಾಸಕ್ಕೆ ಯಾಕೆ ಬರಲಿಲ್ಲ ಅಂತ ಕೇಳಿದರೆ ಈಗೀಗ ಸಿಗುವ ಉತ್ತರ ಇದೇ. ಮಾತು ಸುಳ್ಳಲ್ಲ. ಆದರೆ ಇದನ್ನು ಹೇಳುವವರೇ ಮಗಳ ಮದುವೆಗೆ ತಿಂಗಳುಗಟ್ಟಲೆ ಮೊದಲೇ ಒಳ್ಳೆಯ ಬ್ಯಾಂಡ್ ಗೊತ್ತು ಮಾಡಿರುತ್ತಾರೆ, ಅಲ್ವಾ?

ಮೊನ್ನೆ ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಮ್ಮನ ಹುಟ್ಟುಹಬ್ಬ ಆಯಿತು. ನಮ್ಮ ಕರಾವಳಿಯಲ್ಲಿ ಅದು ತೆನೆ ಹಬ್ಬ, ಕೊಂಕಣಿಯಲ್ಲಿ ಮೊಂತಿ ಫೆಸ್ತ್. ಹಬ್ಬಕ್ಕೆ ಮೊದಲಿನ ನೊವೆನಾ ಪ್ರಾರ್ಥನೆಯ ಒಂಬತ್ತು ದಿನವೂ ಮಕ್ಕಳು ಹೂ ತಂದು ಬಾಲ ಮರಿಯಮ್ಮನಿಗೆ ಹಾಕಿದ್ದರು. ಹಬ್ಬದ ಹಿಂದಿನ ಸಂಜೆ ನಮ್ಮ ಹುಡುಗರು ಗದ್ದೆಯಿಂದ ತೆನೆ ತಂದರು. ಆಶೀರ್ವದಿಸಿ ಮನೆಗೊಂದರಂತೆ ಕೊಡುವ ತೆನೆ ಅದು, ಪಾಯಸಕ್ಕೋ ಹಾಲಿಗೋ ಬೀಳುವ ಹೊಸ ಅಕ್ಕಿ. ಅವರು ಜಗಲಿಯಲ್ಲಿ ಕೂತು ಒಂದೊಂದೇ ತೆನೆಯನ್ನು ಬೆರಳಲ್ಲಿ ಒತ್ತಿ ನೋಡಿ, ಜೊಳ್ಳಾದದ್ದನ್ನು ಪಕ್ಕಕ್ಕೆ ಹಾಕುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ಹಾಡಿನ ವಿಷಯ ಬಂದಾಗ ಮಾತ್ರ ನಮಗೆ ಜೊಳ್ಳು ನಡೆಯುತ್ತದೆ.

ನಮಗೆ ಹಾಡು ಕಲಿಸಿದ ಟೀಚರ್ ಈಗಿಲ್ಲ. ಅವರಿಗೆ ಕಂಠಕ್ಕಿಂತ ಉಸಿರು ಮುಖ್ಯ. ಪ್ರತಿ ಮಗುವಿನ ಹಾಡಿನ ಪುಸ್ತಕದಲ್ಲೂ ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಪೆನ್ಸಿಲಿನಿಂದ ಸಣ್ಣ ಗೀಟು ಹಾಕುತ್ತಿದ್ದರು. ಮರಿಯಮ್ಮನ ಹೆಸರಿನ ನಡುವೆ ಯಾರಾದರೂ ಉಸಿರೆಳೆದರೆ ಮುಗಿಯಿತು. "ಅಮ್ಮನ ಹೆಸರನ್ನು ತುಂಡು ಮಾಡಿ ಕರೀತೀರೇನ್ರೋ?" ಮತ್ತೆ ಮೊದಲಿಂದ.

ಈ ಸಲ ಹಬ್ಬದ ಪೂಜೆಯಲ್ಲಿ ಮರಿಯಮ್ಮನ ಹಾಡಿನ ಎರಡನೇ ಚರಣಕ್ಕೆ ಕೀಬೋರ್ಡ್ ಸುಮ್ನೆ ನಿಂತುಹೋಯಿತು. ಹಾಡು ನಿಲ್ಲಲಿಲ್ಲ. ಇಡೀ ಚರ್ಚು ಬರೀ ಗಂಟಲಲ್ಲಿ ಹಾಡುತ್ತಾ ಆ ಹೆಸರಿನ ಹತ್ತಿರ ಬಂತು, ಹೆಸರಿಗೆ ಸ್ವಲ್ಪ ಮೊದಲು ಎಲ್ಲರೂ ಒಟ್ಟಿಗೆ ಉಸಿರೆಳೆದದ್ದು ನನಗೆ ಕೇಳಿಸಿತು. ಅಷ್ಟೂ ಜನರ ಉಸಿರು, ಒಂದೇ ಸಲಕ್ಕೆ. ಟೀಚರ ಗೀಟು ಇನ್ನೂ ಜನರ ಎದೆಯಲ್ಲಿದೆ! ಪ್ರವಚನ ಏನಿತ್ತು ಅಂತ ಕೇಳಬೇಡಿ, ಆ ಉಸಿರೊಂದೇ ನೆನಪು. ಮರಿಯಮ್ಮನಿಗೆ ಕೋಟಿ ವಂದನೆ.

ಅಭ್ಯಾಸ ಮಾಡುವುದೂ ಭಕ್ತಿಯೇ. ಬೈಬಲಿನಲ್ಲಿ ಅರೌನ ಎಂಬವನು ಬಲಿಗೆಂದು ತನ್ನ ಕಣ, ಎತ್ತು ಎಲ್ಲವನ್ನೂ ಪುಕ್ಕಟೆ ಕೊಡುತ್ತೇನೆಂದರೂ ರಾಜ ದಾವೀದ ಒಪ್ಪಲಿಲ್ಲ, ಖರ್ಚಿಲ್ಲದ ಬಲಿ ಬೇಡವೆಂದು 50 ಶೆಕೆಲ್ ಬೆಳ್ಳಿ ಎಣಿಸಿದ. ಯೆರೂಸಲೇಮಿನ ಆಲಯಕ್ಕೆ ನೇಮಿಸಿದ 288 ಹಾಡುಗಾರರೂ ಕಲಿತವರೇ. ಬಲಿಗೆ ಕುಂಟು ಕುರಿ ತಂದವರಿಗೆ ಪ್ರವಾದಿ ಮಲಾಕಿಯ ಕೇಳಿದ್ದು ಇನ್ನೂ ಖಾರ: ಇದನ್ನು ನಿಮ್ಮ ಅಧಿಕಾರಿಗೆ ಕೊಟ್ಟು ನೋಡಿ, ಮೆಚ್ಚುತ್ತಾನಾ?

ಹಾಗಂತ ಸಂಗೀತ ಕಛೇರಿ ಮಾಡಿ ಅಂತಲ್ಲ. ಕೆಲವು ಕಡೆ ಕ್ವಾಯರ್, ಅಂದರೆ ಚರ್ಚಿನ ಹಾಡುವ ತಂಡ, ಎಷ್ಟು ಚೆನ್ನಾಗಿ ಹಾಡುತ್ತದೆಂದರೆ ಜನ ಬಾಯಿ ಮುಚ್ಚಿ ನಿಂತಿರುತ್ತಾರೆ. ಕಥೋಲಿಕ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದ್ದು, ಕ್ವಾಯರ್ ಬೆಳೆಯಲಿ, ಜೊತೆಗೆ ಜನರೂ ಹಾಡಲಿ ಎಂದು. ನನ್ನ ಲೆಕ್ಕದಲ್ಲಿ ಒಳ್ಳೆಯ ಕ್ವಾಯರ್ ಅಂದರೆ ಹಿಂದಿನ ಬೆಂಚಿನ ಅಜ್ಜನ ಬಾಯಿ ಬಿಡಿಸುವುದು. ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿದರೆ ಆ ಕೆಲಸ ಆಗುವುದಿಲ್ಲ, ಅದು ಅಜ್ಜನಿಗಾಗಿ ಕಾಯುವುದೂ ಇಲ್ಲ.

ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲ ದೂರ ಇಲ್ಲ. ಕಂಠ ಹೇಗಿದ್ದರೂ ಅಭ್ಯಾಸಕ್ಕೆ ಬನ್ನಿ. ಪೂಜೆಯಲ್ಲಿ ಬೈಬಲ್ ವಾಚನ ಓದುವವರು ಶನಿವಾರ ರಾತ್ರಿಯೇ ಒಂದು ಸಲ ಜೋರಾಗಿ ಓದಿಕೊಳ್ಳಿ. ಸಂತ ಪೌಲರ ಪತ್ರಗಳ ವಾಕ್ಯಗಳು ಬಹಳ ಉದ್ದ, ಮೈಕಿನ ಮುಂದೆ ಮೊದಲ ಸಲ ನೋಡಿದರೆ ಎಡವುವುದು ಗ್ಯಾರಂಟಿ.