ಬಿ.ಎ. ಮಾಡಿದರೆ ಮುಂದೇನು?

"ವಕೀಲ್ರ, ನಮ್ಮ ಹುಡುಗಿ ಬಿ.ಎ. ಸೇರ್ತೀನಿ ಅಂತ ಹಟ ಹಿಡದಾಳ್ರಿ. ಮುಂದ ನೌಕರಿ ಸಿಗ್ತೈತೇನ್ರಿ?"

ಪಿಯುಸಿ ರಿಸಲ್ಟ್ ಬಂತೆಂದರೆ ಗದಗಿನ ನಮ್ಮ ಆಫೀಸಿನಲ್ಲಿ ಈ ಪ್ರಶ್ನೆ ಶುರು. ನಾನೂ ಬಿ.ಎ. ಓದಿದವನು ಅಂತ ಕಕ್ಷಿದಾರರಿಗೆ ಗೊತ್ತು. ಕೇಸಿನ ಮಾತು ಮುಗಿಸಿ, ಎದ್ದು ನಿಂತು ಕೇಳುತ್ತಾರೆ.

ಬಿ.ಎ. ಮುಗಿದ ತಕ್ಷಣ ಕರೆದು ಕೆಲಸ ಕೊಡುವವರು ಕಡಿಮೆ. ಅದು ನಿಜ. ಆದರೆ 'ಯಾವುದೇ ಪದವಿ' ಎಂದಿರುವ ಕಡೆಯೆಲ್ಲ ಬಿ.ಎ.ಗೆ ಜಾಗ ಇದೆ. ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ. (ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ), ಬ್ಯಾಂಕ್ ಪಿ.ಒ. (ಅಧಿಕಾರಿ ಹುದ್ದೆ), ರೈಲ್ವೆಯ ಸ್ಟೇಷನ್ ಮಾಸ್ತರ್, ಎಲ್ಲಕ್ಕೂ ಪರೀಕ್ಷೆ ಬರೆಯಬಹುದು. ಮೇಷ್ಟ್ರಾಗಬೇಕೆಂದರೆ ಎರಡು ವರ್ಷ ಬಿ.ಎಡ್. ಜನರ ನಡುವೆ ಓಡಾಡುವ ಮನಸ್ಸಿದ್ದರೆ ಸಮಾಜಕಾರ್ಯದ ಎಂ.ಎಸ್.ಡಬ್ಲ್ಯೂ. ಪುಸ್ತಕದ ಹುಚ್ಚಿದ್ದರೆ ಲೈಬ್ರರಿ ಸೈನ್ಸ್. ಪಂಚಾಯ್ತಿ, ಗ್ರಾಮೀಣಾಭಿವೃದ್ಧಿಗೆಂದೇ ಇರುವ ವಿಶ್ವವಿದ್ಯಾಲಯ 2016ರಿಂದ ನಮ್ಮ ಗದಗದಲ್ಲೇ ಇದೆ.

ನಾನು ಹಿಡಿದದ್ದು ಕಾನೂನು. ಪದವಿ ಆದವರಿಗೆ ಎಲ್‌ಎಲ್.ಬಿ. ಮೂರು ವರ್ಷ. ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ 45 ಪರ್ಸೆಂಟ್ ಬೇಕು. ರಾಜ್ಯ ಕಾನೂನು ವಿಶ್ವವಿದ್ಯಾಲಯ ಇರುವುದೂ ಹುಬ್ಬಳ್ಳಿಯ ನವನಗರದಲ್ಲಿ.

ಇತಿಹಾಸ ಓದಿದ್ದು ಕೋರ್ಟಿನಲ್ಲಿ ಏನು ಕೆಲಸಕ್ಕೆ ಬಂತು ಅಂತೀರಾ? ಒಮ್ಮೆ ಅಣ್ಣ ತಮ್ಮಂದಿರ ಹೊಲದ ಜಗಳ ಬಂತು. ಮೇಜಿನ ಮೇಲೆ ಅಜ್ಜನ ಕಾಲದ ವಾಟ್ನಿ ಪತ್ರ, ಅಂದರೆ ಆಸ್ತಿ ಪಾಲು ಮಾಡಿದ ಕಾಗದ. ಮಡಿಕೆ ಬಿದ್ದಲ್ಲೆಲ್ಲ ಹರಿದಿತ್ತು. ಹೊಲದ ನಾಲ್ಕೂ ಗಡಿ ಹೇಳುವ ಚಕ್ಕುಬಂದಿಯಲ್ಲಿ 'ಪಶ್ಚಿಮಕ್ಕೆ ಹಳ್ಳ' ಎಂದಿತ್ತು. ಆಮೇಲಿನ ಖರೀದಿ ಪತ್ರದಲ್ಲಿ 'ಪಶ್ಚಿಮಕ್ಕೆ ದಾರಿ'. ಎರಡೂ ಕಡೆಯವರು ತಮ್ಮ ಕಾಗದವೇ ಖರೆ ಅಂತಿದ್ದರು. ಎರಡು ದಾಖಲೆ ಒಂದಕ್ಕೊಂದು ಕೂಡದಿದ್ದರೆ ಯಾರು ಬರೆದರು, ಯಾವಾಗ, ಯಾರಿಗಾಗಿ ಎಂದು ಕೇಳಬೇಕು. ಇದನ್ನು ನನಗೆ ಕಲಿಸಿದ್ದು ಧಾರವಾಡದ ಇತಿಹಾಸದ ಕ್ಲಾಸು. ಹೊಲಕ್ಕೇ ಹೋಗಿ ನೋಡಿದೆವು. ಹಳ್ಳ ಬತ್ತಿದ ಮೇಲೆ ಜನ ಅದರಲ್ಲೇ ಚಕ್ಕಡಿ ಹೊಡೆದು, ಅದೇ ದಾರಿಯಾಗಿತ್ತು. ಎರಡೂ ಕಾಗದ ಖರೆ!

ನಮ್ಮದು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಸೀಮೆ. ಹಳೆಯ ಕಾಗದಗಳು ಎಷ್ಟೋ ಸಲ ಆಗ ಮರಾಠಿಗೆ ಬಳಸುತ್ತಿದ್ದ ಮೋಡಿ ಲಿಪಿಯಲ್ಲಿ ಇರುತ್ತವೆ. ಅದನ್ನು ಓದಬಲ್ಲವರನ್ನು ಹುಡುಕಿಕೊಂಡು ನಾವು ಅಲೆಯುತ್ತೇವೆ. ಇತಿಹಾಸದ ಹುಡುಗರು ಅದನ್ನು ಯಾಕೆ ಕಲಿಯಬಾರದು? ಕನ್ನಡ ಟೈಪಿಂಗ್ ಚೆನ್ನಾಗಿ ಬಂದು, ಒಂದು ಅರ್ಜಿಯನ್ನು ತಪ್ಪಿಲ್ಲದೆ ಬರೆಯುವವರೂ ಸುಲಭಕ್ಕೆ ಸಿಗುವುದಿಲ್ಲ.

ನನಗೆ ಜಾಸ್ತಿ ಸಂಕಟವಾಗುವುದು ನೌಕರಿ ಪರೀಕ್ಷೆಗೆ ಓದುವ ಹುಡುಗರು ರೂಮು ಮಾಡಿಕೊಂಡಿರುವ ಧಾರವಾಡದ ಸಪ್ತಾಪುರದ ಕಡೆ ಹೋದಾಗ. ಒಂದು ರೂಮಿನಲ್ಲಿ ಮೂವರು, ಗೋಡೆ ತುಂಬ ನಕಾಶೆ, ಊರಿಂದ ಬಂದ ಕಟಕ ರೊಟ್ಟಿಯ ಗಂಟು. ಜಾಣ ಮಕ್ಕಳು. ನೋಟಿಫಿಕೇಶನ್ ಕಾಯುತ್ತ ನಾಲ್ಕೈದು ವರ್ಷ ಕಳೆದಿರುತ್ತದೆ. ಬ್ಯಾಂಕ್ ಪಿ.ಒ.ಗೆ ಸಾಮಾನ್ಯ ವರ್ಗಕ್ಕೆ 30 ವರ್ಷವೇ ಮಿತಿ. ಪರೀಕ್ಷೆ ಬರೆಯಲಿ, ಮನಸ್ಸಿಟ್ಟು ಬರೆಯಲಿ. ಆದರೆ ಎಷ್ಟು ವರ್ಷ ಅಂತ ಮನೆಯವರ ಜತೆ ಕೂತು ಮೊದಲೇ ಗೊತ್ತುಮಾಡಿಕೊಳ್ಳಲಿ. ಜತೆಗೆ ಕೈಯಲ್ಲಿ ಇನ್ನೊಂದು ಕೆಲಸ ಇರಲಿ.

ಮೊನ್ನೆ ಕೇಳಿದ ಅಪ್ಪನಿಗೂ ಇಷ್ಟೆಲ್ಲ ಹೇಳಿದೆ. ಕೊನೆಗೆ, "ಫೀ ಕಟ್ಟೋಕಿಂತ ಮೊದ್ಲ ಹುಡುಗಿನ್ನ ಒಂದ್ಸಲ ಕರ್ಕೊಂಡು ಬರ್ರಿ. ಯಾವ ವಿಷಯ ತಗೋತಾಳ, ಆಕೀನ್ನೇ ಕೇಳೋಣು" ಅಂದೆ. ಶನಿವಾರ ಬರ್ತೀನಿ ಅಂದಿದ್ದಾರೆ.